ಮಗುವಾಗಲಿಲ್ಲ ಎಂದಾಗ: ಯಾವ ಪರೀಕ್ಷೆ, ಯಾಕೆ, ಯಾವಾಗ?

ಮದುವೆಯಾಗಿ ವರ್ಷ ತುಂಬಿದರೆ ಸಾಕು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಜೆಂಬರದ ಮನೆಗೆ ಹೋದರೂ ಹೆಣ್ಣಿಗೆ ಒಂದು ಪ್ರಶ್ನೆ ಕಾದಿರುತ್ತದೆ: "ಏನಾದರೂ ವಿಶೇಷ ಉಂಟಾ?" ಇಲ್ಲ ಎಂದರೆ ಸಲಹೆಗಳು ಶುರು. ಒಬ್ಬರು ನಾಗನಿಗೆ ತಂಬಿಲ ಕೊಡಿಸಿ ಎನ್ನುತ್ತಾರೆ. ಇನ್ನೊಬ್ಬರು ಮಂಗಳೂರಿನ ಡಾಕ್ಟರ ನಂಬರು ಕೊಡುತ್ತಾರೆ. ಮತ್ತೊಬ್ಬರು ವಾಟ್ಸಾಪಿನಲ್ಲಿ 'ಫರ್ಟಿಲಿಟಿ ಪ್ಯಾಕೇಜ್' ಜಾಹೀರಾತು ಕಳಿಸುತ್ತಾರೆ.

ಆಮೇಲೆ ಫೈಲು ದಪ್ಪವಾಗುತ್ತಾ ಹೋಗುತ್ತದೆ. ಎಎಂಎಚ್, ಟಿಎಸ್‌ಎಚ್, ಎಚ್‌ಎಸ್‌ಜಿ, ಫಾಲಿಕ್ಯುಲರ್ ಸ್ಟಡಿ. ರಿಪೋರ್ಟು ಇಂಗ್ಲಿಷಿನಲ್ಲಿ, ಊರಿನ ಆಸ್ಪತ್ರೆಯ ಮಾತು ಮಲಯಾಳದಲ್ಲಿ, ಮನೆಯ ಮಾತು ಕನ್ನಡದಲ್ಲೋ ತುಳುವಿನಲ್ಲೋ. ಡಾಕ್ಟರು ಹೇಳಿದ್ದರಲ್ಲಿ ಅರ್ಧ ಅರ್ಥವಾಗುವಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿರುತ್ತದೆ.

ನಿಜವಾಗಿ ನೋಡಿದರೆ ಈ ಪರೀಕ್ಷೆಗಳು ಅಷ್ಟು ಗೊಂದಲದ್ದಲ್ಲ. ಅವುಗಳಿಗೆ ಒಂದು ಕ್ರಮ ಉಂಟು. ಒಂದೊಂದು ಪರೀಕ್ಷೆಯೂ ಯಾವುದೋ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತದೆ. ಆ ಪ್ರಶ್ನೆ ಯಾವುದು ಅಂತ ಗೊತ್ತಿದ್ದರೆ ಫೈಲು ಓದಲು ಬರುತ್ತದೆ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಗರ್ಭನಿರೋಧಕ ಏನೂ ಬಳಸದೆ, ಗಂಡ ಹೆಂಡತಿ ನಿಯಮಿತವಾಗಿ ಕೂಡುತ್ತಿದ್ದು, 12 ತಿಂಗಳಾದರೂ ಬಸಿರು ನಿಲ್ಲದಿದ್ದರೆ ಅದನ್ನು ಬಂಜೆತನ ಎಂದು ವೈದ್ಯರು ಕರೆಯುತ್ತಾರೆ. ಮೊದಲ ಮಗು ಇದ್ದು ಎರಡನೆಯದು ಆಗದಿದ್ದರೂ ಇದೇ ಲೆಕ್ಕ. ಇದು ಅಪರೂಪದ ಸಂಗತಿಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಈ ತೊಂದರೆ ಬರುತ್ತದೆ.

ವರ್ಷ ಕಾಯುವುದು ಯಾಕೆ? ಯಾವ ತೊಂದರೆಯೂ ಇಲ್ಲದ ಚಿಕ್ಕ ಪ್ರಾಯದ ಜೋಡಿಗೂ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ ನೂರಕ್ಕೆ 20ರಿಂದ 25 ಅಷ್ಟೆ. ತಿಂಗಳು ತಿಂಗಳು ಸೇರಿ ವರ್ಷದ ಕೊನೆಗೆ ನೂರರಲ್ಲಿ ಸುಮಾರು 85 ಜೋಡಿಗಳಿಗೆ ಆಗಿರುತ್ತದೆ. ಮೂರು ತಿಂಗಳಿಗೇ ಗಾಬರಿ ಬಿದ್ದು ಪರೀಕ್ಷೆ ಶುರು ಮಾಡಿದರೆ, ಏನೂ ಇಲ್ಲದವರೂ ರೋಗಿಗಳಾಗಿಬಿಡುತ್ತಾರೆ.

ಆದರೆ ಎಲ್ಲರೂ ವರ್ಷ ಕಾಯಬೇಕಾಗಿಲ್ಲ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳು ಸಾಕು. 40 ದಾಟಿದ್ದರೆ ತಕ್ಷಣ ಹೋಗಬೇಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು, ಹಿಂದೆ ಕ್ಷಯ ಬಂದಿದ್ದವರು, ಹೊಟ್ಟೆಯ ಆಪರೇಷನ್ ಆದವರು, ಮುಟ್ಟಿನ ನೋವಿಗೆ ಹಾಸಿಗೆ ಹಿಡಿಯುವವರು ಕೂಡ ಕಾಯುವುದು ಬೇಡ.

ಗಲ್ಫಿನ ರಜೆಯ ಲೆಕ್ಕ

ನಮ್ಮ ಜಿಲ್ಲೆಗೆ ಈ '12 ತಿಂಗಳು' ಎಂಬ ಮಾತು ನೇರವಾಗಿ ಹೊಂದುವುದಿಲ್ಲ. ಗಂಡ ದುಬೈಯಲ್ಲೋ ದೋಹಾದಲ್ಲೋ ಇರುವ ಮನೆಗಳು ಇಲ್ಲಿ ಎಷ್ಟಿಲ್ಲ! ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಅದರಲ್ಲಿ ನೆಂಟರ ಮನೆ, ಮದುವೆ, ಮನೆ ಕಟ್ಟುವ ಕೆಲಸ. ಎರಡು ವರ್ಷ ಕಳೆದಾಗ ಅತ್ತೆ ಮನೆಯಲ್ಲಿ "ಎರಡು ವರ್ಷವಾದರೂ ಆಗಲಿಲ್ಲ" ಎನ್ನುತ್ತಾರೆ.

ಕೂತು ಲೆಕ್ಕ ಹಾಕಿ ನೋಡಿ. ಹೆಣ್ಣಿಗೆ ಒಂದು ಮುಟ್ಟಿನ ಸುತ್ತಿನಲ್ಲಿ ಬಸಿರಾಗಬಹುದಾದ ದಿನಗಳು ಸುಮಾರು ಆರು ಮಾತ್ರ. ಮೊಟ್ಟೆ ಅಂಡಾಶಯದಿಂದ ಹೊರಬಿದ್ದ ಮೇಲೆ ಬದುಕಿರುವುದು ಒಂದು ದಿನವೂ ಕಷ್ಟ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೆ ಇರಬಲ್ಲದು. ಹಾಗಾಗಿ ಮೊಟ್ಟೆ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮೊದಲಿನ ಐದು ದಿನ, ಇಷ್ಟೇ ಅವಕಾಶ. ಒಂದು ತಿಂಗಳ ರಜೆಯಲ್ಲಿ ಇಂಥ ಆರು ದಿನ ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ. ಎರಡು ವರ್ಷದಲ್ಲಿ ಎರಡು ರಜೆ ಎಂದರೆ ಸಿಕ್ಕಿದ್ದು ಎರಡು ಅವಕಾಶ. ಅದು 24 ತಿಂಗಳಲ್ಲ. ಅವಳ ಮೇಲೆ ಬಂಜೆ ಎಂಬ ಹೆಸರು ಹೊರಿಸುವ ಮೊದಲು ಇದನ್ನು ಎಣಿಸಬೇಕು, ಅಲ್ವಾ?

ಈ ಮನೆಗಳವರು ಪರೀಕ್ಷೆಯ ಕೆಲಸವನ್ನು ರಜೆಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಹೆಂಡತಿಯ ರಕ್ತ ಪರೀಕ್ಷೆ, ಸ್ಕ್ಯಾನ್ ಗಂಡ ಊರಲ್ಲಿಲ್ಲದಾಗಲೇ ಮಾಡಿಸಬಹುದು. ಮೊಟ್ಟೆ ಸಾಗುವ ನಾಳದ ಎಕ್ಸ್‌ರೇ (ಎಚ್‌ಎಸ್‌ಜಿ) ಮಾಡುವಾಗ ಬಸಿರು ಇಲ್ಲ ಎಂದು ಖಾತ್ರಿ ಬೇಕು. ಅದಕ್ಕಂತೂ ಗಂಡ ದೂರ ಇರುವ ಸಮಯವೇ ಅನುಕೂಲ. ಗಂಡ ತನ್ನ ವೀರ್ಯ ಪರೀಕ್ಷೆಯನ್ನು ಅಲ್ಲೇ ಮಾಡಿಸಿ ರಿಪೋರ್ಟು ಕಳಿಸಬಹುದು. ಆಗ ರಜೆ ರಜೆಯಾಗಿಯೇ ಉಳಿಯುತ್ತದೆ.

ಬಸಿರು ನಿಲ್ಲಲು ಏನೇನು ಸರಿ ಇರಬೇಕು?

ಅಂಡಾಶಯದಲ್ಲಿ ಮೊಟ್ಟೆ ಬೆಳೆದು ಹೊರಗೆ ಬರಬೇಕು. ಅದನ್ನು ಹಿಡಿದು ಸಾಗಿಸುವ ನಾಳ, ಅಂದರೆ ಟ್ಯೂಬ್, ತೆರೆದಿರಬೇಕು. ಬೇಕಾದಷ್ಟು ವೀರ್ಯಾಣುಗಳು ಈಜಿ ಆ ನಾಳದವರೆಗೆ ತಲುಪಬೇಕು. ಅಲ್ಲಿ ಎರಡೂ ಸೇರಿ ಆದ ಭ್ರೂಣಕ್ಕೆ ಕಚ್ಚಿಕೊಳ್ಳಲು ಗರ್ಭಕೋಶದ ಒಳಪದರ ಸರಿ ಇರಬೇಕು. ಎಲ್ಲ ಪರೀಕ್ಷೆಗಳೂ ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ನೋಡಲಿಕ್ಕೆ ಇರುವುದು.

ಅದಕ್ಕೂ ಮೊದಲು ಡಾಕ್ಟರು ಬಾಯಿಮಾತಿನಲ್ಲಿ ಕೇಳುವುದು ತುಂಬಾ ಉಂಟು. ಮುಟ್ಟು ಎಷ್ಟು ದಿನಕ್ಕೊಮ್ಮೆ? ನೋವು ಎಷ್ಟು? ಹಿಂದೆ ಗರ್ಭಪಾತ, ಡಿ ಅಂಡ್ ಸಿ (ಗರ್ಭಕೋಶದ ಒಳಗನ್ನು ಕೆರೆದು ತೆಗೆಯುವುದು) ಆಗಿದೆಯಾ? ಮೊಲೆಯಲ್ಲಿ ಹಾಲಿನಂಥದ್ದು ಬರುತ್ತದಾ? ಮುಖದ ಮೇಲೆ ಕೂದಲು ಜಾಸ್ತಿಯಾ? ಎಷ್ಟು ದಿನಕ್ಕೊಮ್ಮೆ ಕೂಡುತ್ತೀರಿ? ಕೊನೆಯ ಪ್ರಶ್ನೆಗೆ ಹೆಚ್ಚಿನವರು ತಲೆ ತಗ್ಗಿಸುತ್ತಾರೆ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಮುಗಿಯಿತು. ಆದರೆ ನೋವಿನಿಂದಲೋ ಹೆದರಿಕೆಯಿಂದಲೋ ಕೂಡುವುದೇ ಆಗದ ಜೋಡಿಗಳು ಕೂಡ ಇದ್ದಾರೆ. ಅದನ್ನು ಹೇಳದೆ ಎಷ್ಟು ಸ್ಕ್ಯಾನ್ ಮಾಡಿಸಿದರೂ ಪ್ರಯೋಜನವಿಲ್ಲ. ಆ ಮಾತು ಬಂದಾಗ ಮನೆಯವರನ್ನು ಹೊರಗೆ ಕೂರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಹೋಗುವಾಗ ಹಿಂದಿನ ಆರು ತಿಂಗಳ ಮುಟ್ಟಿನ ತಾರೀಕು ಬರೆದುಕೊಂಡು ಹೋಗಿ. ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದರೂ ಸಾಕು. ಕೆಲವು ದುಬಾರಿ ಪರೀಕ್ಷೆಗಳಿಗಿಂತ ಅದು ಜಾಸ್ತಿ ಹೇಳುತ್ತದೆ.

ಗಂಡನ ಪರೀಕ್ಷೆ ಮೊದಲ ದಿನವೇ

ಲೇಖನ ಹೆಂಗಸರ ಪರೀಕ್ಷೆಯ ಬಗ್ಗೆ, ನಿಜ. ಆದರೂ ಇದನ್ನು ಮುಂದೆ ಇಡಬೇಕಾಗುತ್ತದೆ. ಮಕ್ಕಳಾಗದ ಜೋಡಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಇದನ್ನು ಮಾಡದೆ ಹೆಂಗಸಿಗೆ ಹೊಟ್ಟೆಗೆ ತೂತು ಮಾಡಿ ನೋಡುವ ಲ್ಯಾಪರೊಸ್ಕೋಪಿಯವರೆಗೆ ಹೋಗುವುದು ಕ್ರಮವೇ ಅಲ್ಲ.

ಎರಡರಿಂದ ಏಳು ದಿನ ವೀರ್ಯ ಹೋಗದ ಹಾಗೆ ನೋಡಿಕೊಂಡು ಸ್ಯಾಂಪಲ್ ಕೊಡಬೇಕು. ಒಂದು ಗಂಟೆಯ ಒಳಗೆ ಲ್ಯಾಬ್ ತಲುಪಬೇಕು. ಮುಳ್ಳೇರಿಯದ ಮನೆಯಲ್ಲಿ ತೆಗೆದ ಸ್ಯಾಂಪಲ್ ಮಂಗಳೂರು ತಲುಪುವಾಗ ಹೊತ್ತು ಮೀರಿರುತ್ತದೆ. ಲ್ಯಾಬಿನಲ್ಲೇ ಕೊಡುವುದು ವಾಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಚಲಿಸುವಂಥವು, ಇದು ಕೆಳಗಿನ ಮಿತಿ. 'ಸರಿಯಾದ ಆಕಾರದ್ದು ನೂರಕ್ಕೆ 4' ಎಂದು ನೋಡಿ ಎದೆ ಒಡೆದುಕೊಳ್ಳಬೇಡಿ. ಕೆಳಗಿನ ಮಿತಿಯೇ 4.

ರಿಪೋರ್ಟು ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಬೇಕು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಹಾಗಾಗಿ ಹಿಂದೆ ಬಂದ ಜೋರು ಜ್ವರದ ಪರಿಣಾಮ ಇವತ್ತಿನ ರಿಪೋರ್ಟಿನಲ್ಲಿ ಕಾಣಬಹುದು. ಇವತ್ತು ಸಿಗರೇಟು ಬಿಟ್ಟರೂ ಫಲ ಕಾಣಲು ಅಷ್ಟೇ ಸಮಯ ಹಿಡಿಯುತ್ತದೆ.

ಮೊಟ್ಟೆ ಬಿಡುಗಡೆ ಆಗುತ್ತಿದೆಯಾ?

21ರಿಂದ 35 ದಿನದ ಒಳಗೆ ತಪ್ಪದೆ ಮುಟ್ಟು ಬರುತ್ತಿದ್ದರೆ ಮೊಟ್ಟೆ ಬಿಡುಗಡೆ ಆಗುತ್ತಿರುವ ಸಾಧ್ಯತೆಯೇ ಜಾಸ್ತಿ. ಖಾತ್ರಿ ಮಾಡಲು ಪ್ರೊಜೆಸ್ಟರೋನ್ ಎಂಬ ರಕ್ತ ಪರೀಕ್ಷೆ ಇದೆ. ಮೊಟ್ಟೆ ಹೊರಬಿದ್ದ ಮೇಲೆ ಮಾತ್ರ ಈ ಹಾರ್ಮೋನು ಏರುತ್ತದೆ. 3 ನ್ಯಾನೊಗ್ರಾಂ ದಾಟಿದರೆ ಆ ತಿಂಗಳು ಮೊಟ್ಟೆ ಬಿಡುಗಡೆ ಆಗಿದೆ ಎಂದರ್ಥ.

ಇದರಲ್ಲಿ ಒಂದು ತಪ್ಪು ಆಗಾಗ ನಡೆಯುತ್ತದೆ. ಎಲ್ಲರಿಗೂ '21ನೇ ದಿನ ಬನ್ನಿ' ಎಂದು ಬರೆದುಕೊಡುತ್ತಾರೆ. ಅದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಮೊಟ್ಟೆ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ನಿಮಗೆ 35 ದಿನಕ್ಕೊಮ್ಮೆ ಮುಟ್ಟು ಎಂದಾದರೆ ಮೊಟ್ಟೆ ಬರುವುದೇ 21ನೇ ದಿನದ ಆಸುಪಾಸಿನಲ್ಲಿ. ಅವತ್ತು ರಕ್ತ ಕೊಟ್ಟರೆ ಪ್ರೊಜೆಸ್ಟರೋನ್ ಕಡಿಮೆಯೇ ಇರುತ್ತದೆ, 'ಮೊಟ್ಟೆ ಆಗುತ್ತಿಲ್ಲ' ಎಂಬ ಸುಳ್ಳು ಉತ್ತರ ಬರುತ್ತದೆ. ನೀವು ಕೊಡಬೇಕಾದ್ದು 28ನೇ ದಿನ. ಮುಂದಿನ ಮುಟ್ಟಿಗೆ ಒಂದು ವಾರ ಮೊದಲು ಎಂದು ನೆನಪಿಟ್ಟರೆ ಸಾಕು.

ಫಾಲಿಕ್ಯುಲರ್ ಸ್ಟಡಿ ಎಂದರೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ ಮೊಟ್ಟೆಯ ಚೀಲ ಬೆಳೆಯುವುದನ್ನು ನೋಡುವುದು. ಅದು ಸುಮಾರು 20 ಮಿಲಿಮೀಟರ್ ಆದಾಗ ಒಡೆದು ಮೊಟ್ಟೆ ಹೊರಬರುತ್ತದೆ. ಮೊಟ್ಟೆ ಬೆಳೆಸುವ ಔಷಧಿ ತೆಗೆದುಕೊಳ್ಳುವಾಗ ಇದು ಬೇಕಾಗುತ್ತದೆ. ಮುಟ್ಟು ಸರಿ ಇರುವವರು ಇದಕ್ಕಾಗಿ ಪ್ರತಿ ತಿಂಗಳೂ ಬಸ್ಸು ಹತ್ತುವುದು ಸುಮ್ನೆ ದಂಡ.

ಮುಟ್ಟು ತಪ್ಪುವವರಲ್ಲಿ ಮೊದಲು ನೋಡುವುದು ಥೈರಾಯ್ಡ್ (ಟಿಎಸ್‌ಎಚ್ ಪರೀಕ್ಷೆ), ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಮತ್ತು ಮೊಟ್ಟೆ ಸರಿಯಾಗಿ ಬೆಳೆದು ಹೊರಬರದ ಪಿಸಿಒಡಿ. ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಂಡ ಮಾತ್ರಕ್ಕೆ ಪಿಸಿಒಡಿ ಅಲ್ಲ. ಮುಟ್ಟು ಏರುಪೇರು, ಗಂಡಸರ ಹಾರ್ಮೋನು ಜಾಸ್ತಿ ಇರುವ ಲಕ್ಷಣ, ಸ್ಕ್ಯಾನಿನ ಚಿತ್ರ, ಈ ಮೂರರಲ್ಲಿ ಎರಡಾದರೂ ಬೇಕು. ತೂಕ ಹೆಚ್ಚಿದ್ದವರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಸಲ ಮುಟ್ಟು ದಾರಿಗೆ ಬರುತ್ತದೆ. ಮೊಟ್ಟೆ ಬೆಳೆಸಲು ಈಗ ಮೊದಲ ಆಯ್ಕೆ ಲೆಟ್ರೊಜೋಲ್ ಎಂಬ ಮಾತ್ರೆ. ಇದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವುದಲ್ಲ, ಸ್ಕ್ಯಾನ್ ನೋಡಿಕೊಂಡು ಡಾಕ್ಟರು ಕೊಡಬೇಕಾದ್ದು.

ಎಎಂಎಚ್ ಹೇಳುವುದೇನು, ಹೇಳದ್ದೇನು

ಹೆಂಗಸರನ್ನು ಅತಿ ಹೆಚ್ಚು ಹೆದರಿಸುವ ರಿಪೋರ್ಟು ಇದು. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10ರಿಂದ 20 ಲಕ್ಷ ಮೊಟ್ಟೆ ಇರುತ್ತದೆ. ಹೊಸತು ಆಗುವುದಿಲ್ಲ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತದೆ. ಜೀವಮಾನದಲ್ಲಿ ಬಿಡುಗಡೆಯಾಗುವುದು 400ರಿಂದ 500. ಉಳಿದದ್ದು ತನ್ನಷ್ಟಕ್ಕೇ ಕರಗುತ್ತದೆ. ಎಎಂಎಚ್ ಎಂಬ ಹಾರ್ಮೋನು ಈಗ ಎಷ್ಟು ಉಳಿದಿದೆ ಎಂಬ ಅಂದಾಜು ಕೊಡುತ್ತದೆ. ಮುಟ್ಟಿನ ಯಾವ ದಿನವೂ ಈ ರಕ್ತ ಕೊಡಬಹುದು. ಮುಟ್ಟಿನ ಎರಡು ಮೂರನೇ ದಿನ ಮಾಡುವ ಹಾರ್ಮೋನಿನ ಪರೀಕ್ಷೆ ಎಫ್‌ಎಸ್‌ಎಚ್, ಸ್ಕ್ಯಾನಿನಲ್ಲಿ ಸಣ್ಣ ಚೀಲಗಳನ್ನು ಎಣಿಸುವುದು, ಇವೂ ಅದೇ ಪ್ರಶ್ನೆಗೆ ಉತ್ತರ ಹುಡುಕುತ್ತವೆ.

ಆದರೆ ಅದು ಹೇಳುವುದು ಲೆಕ್ಕ ಮಾತ್ರ. ಅಟ್ಟದಲ್ಲಿರುವ ಅಡಿಕೆ ಚೀಲ ಎಣಿಸಿದ ಹಾಗೆ. ಸುಲಿದಾಗ ಒಳ್ಳೆ ಚಾಲಿ ಎಷ್ಟು, ಪಟೋರ ಎಷ್ಟು ಎಂದು ಚೀಲ ಹೇಳುತ್ತದಾ? ಮೊಟ್ಟೆಯ ಗುಣಮಟ್ಟವನ್ನು ಮುಖ್ಯವಾಗಿ ತೀರ್ಮಾನಿಸುವುದು ಪ್ರಾಯ. 28ರ ಹೆಣ್ಣಿಗೆ ಎಎಂಎಚ್ ಕಡಿಮೆ ಇದ್ದರೂ ಒಂದು ಒಳ್ಳೆ ಮೊಟ್ಟೆ ಸಾಕು. 42ರ ಹೆಣ್ಣಿಗೆ ಅದು ಚೆನ್ನಾಗಿದ್ದರೂ ಪ್ರಾಯದ ತೊಂದರೆ ಹೋಗುವುದಿಲ್ಲ. 30ರಿಂದ 44 ವರ್ಷದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಸರಿ ಇದ್ದವರೂ ಸಹಜವಾಗಿ ಬಸಿರಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಐವಿಎಫ್ (ಮೊಟ್ಟೆ ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣುವಿನ ಜೊತೆ ಸೇರಿಸುವ ಚಿಕಿತ್ಸೆ) ಮಾಡುವಾಗ ಇಂಜೆಕ್ಷನ್ನಿಗೆ ಎಷ್ಟು ಮೊಟ್ಟೆ ಸಿಗಬಹುದು ಎಂದು ಅಂದಾಜು ಹಾಕಲು ಈ ಪರೀಕ್ಷೆ ಚೆನ್ನಾಗಿ ಉಪಯೋಗವಾಗುತ್ತದೆ. 'ಎಎಂಎಚ್ ಕಡಿಮೆ, ನಾಳೆಯೇ ಐವಿಎಫ್' ಎಂಬ ಮಾತನ್ನು ಮಾತ್ರ ಆ ಒಂದೇ ಕಾಗದ ನೋಡಿ ನಂಬಬೇಡಿ. ಪ್ರಾಯ ಕೇಳದೆ ಈ ನಂಬರಿಗೆ ಅರ್ಥವಿಲ್ಲ.

ನಾಳ ತೆರೆದಿದೆಯಾ?

ಇದಕ್ಕೆ ಎಚ್‌ಎಸ್‌ಜಿ. ಗರ್ಭಕೋಶದ ಬಾಯಿಯಿಂದ ಸಣ್ಣ ನಳಿಗೆಯಲ್ಲಿ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ನಾಳ ತೆರೆದಿದ್ದರೆ ಔಷಧಿ ಎರಡೂ ಕಡೆಯಿಂದ ಹೊಟ್ಟೆಯೊಳಗೆ ಚೆಲ್ಲುವುದು ಕಾಣುತ್ತದೆ. ಆ ತಿಂಗಳ ಮುಟ್ಟಿನ ಸ್ರಾವ ನಿಂತ ಮೇಲೆ, ಮೊಟ್ಟೆ ಬಿಡುಗಡೆಗೆ ಮೊದಲು ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ. ಮುಟ್ಟಿನ ಹೊಟ್ಟೆನೋವಿನ ಹಾಗೆ ನೋಯುತ್ತದೆ, ಕೆಲವರಿಗೆ ಜೋರಾಗಿಯೇ. ಮೊದಲೇ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಬಹುದು. ಒಬ್ಬರೇ ಹೋಗಬೇಡಿ, ಹಿಂದೆ ಬರುವಾಗ ಜೊತೆಗೆ ಯಾರಾದರೂ ಇರಲಿ.

'ಬ್ಲಾಕ್' ಎಂದು ಬಂದರೆ ಎಲ್ಲಿ ಎಂದು ನೋಡಬೇಕು. ಗರ್ಭಕೋಶಕ್ಕೆ ಹತ್ತಿರದ ತುದಿಯಲ್ಲಿ ಮುಚ್ಚಿದ ಹಾಗೆ ಕಂಡರೆ, ಅದು ನೋವಿಗೆ ನಾಳ ಬಿಗಿದುಕೊಂಡದ್ದೂ ಆಗಿರಬಹುದು. ಇನ್ನೊಂದು ರೀತಿಯಲ್ಲಿ ಖಾತ್ರಿ ಮಾಡದೆ ತೀರ್ಮಾನ ಬೇಡ. ಅದಕ್ಕೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೊಸ್ಕೋಪಿ ಉಂಟು.

ನಾಳ ಹಾಳಾಗುವುದು ಹೆಚ್ಚಾಗಿ ಸೋಂಕಿನಿಂದ. ಭಾರತದಲ್ಲಿ ಒಂದು ಕಾರಣವನ್ನು ಮರೆಯುವ ಹಾಗಿಲ್ಲ: ಕ್ಷಯ. ಟಿಬಿ ಎಂದರೆ ಕೆಮ್ಮು ಎಂದೇ ನಮ್ಮ ಲೆಕ್ಕ. ಗರ್ಭಕೋಶ ಮತ್ತು ನಾಳದ ಟಿಬಿಯಲ್ಲಿ ಕೆಮ್ಮು ಇಲ್ಲದೆಯೂ ಇರಬಹುದು. ಮುಟ್ಟು ಕಡಿಮೆಯಾಗುತ್ತಾ ಬರುವುದು, ಮಕ್ಕಳಾಗದಿರುವುದು, ಇಷ್ಟೇ ಕಾಣಬಹುದು. ಸಂಶಯ ಬಂದರೆ ಒಳಪದರದ ಚೂರು ತೆಗೆದು ಪರೀಕ್ಷಿಸುತ್ತಾರೆ. ಆ ಚೂರಿನಲ್ಲಿ ರೋಗಾಣುವಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆಯೊಂದೇ ಪಾಸಿಟಿವ್ ಬಂದಾಗ ಔಷಧಿ ಶುರು ಮಾಡಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ, ಹಾಗಾಗಿ ಬೇರೆ ಏನು ಕಂಡಿದೆ ಎಂದು ಕೇಳಿ. ಔಷಧಿ ಸರ್ಕಾರದಿಂದ ಉಚಿತ.

ಗರ್ಭಕೋಶ, ಮತ್ತು ಸಹಿಸಿಕೊಂಡ ನೋವು

ಗಡ್ಡೆ ಇದೆ ಎಂದ ಕೂಡಲೇ ಆಪರೇಷನ್ ಅಲ್ಲ. ಫೈಬ್ರಾಯ್ಡ್ ಎಲ್ಲಿದೆ ಎಂಬುದು ಮುಖ್ಯ. ಗರ್ಭಕೋಶದ ಒಳಗಿನ ಜಾಗಕ್ಕೆ ಚಾಚಿಕೊಂಡದ್ದು ಬಸಿರಿಗೆ ಅಡ್ಡಿ. ಹೊರಗೋಡೆಯಲ್ಲಿರುವ ಸಣ್ಣ ಗಡ್ಡೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಒಳಗಿನ ಪಾಲಿಪ್, ಅಡ್ಡಗೋಡೆ, ಹಿಂದಿನ ಡಿ ಅಂಡ್ ಸಿಯಿಂದ ಅಂಟಿಕೊಂಡದ್ದು, ಇವನ್ನು ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸುವ ಹಿಸ್ಟರೊಸ್ಕೋಪಿಯಲ್ಲಿ ನೋಡಿ ಅಲ್ಲೇ ಸರಿ ಮಾಡಲೂ ಆಗುತ್ತದೆ.

ಇನ್ನೊಂದು, ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಹೊರಗೆ, ಅಂಡಾಶಯದ ಮೇಲೋ ಹೊಟ್ಟೆಯ ಪದರದ ಮೇಲೋ ಬೆಳೆಯುವುದು. ಮಕ್ಕಳಾಗುವ ಪ್ರಾಯದ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುತ್ತದೆ ಎಂಬ ಅಂದಾಜಿದೆ. ಮುಖ್ಯ ಲಕ್ಷಣ ನೋವು: ಮುಟ್ಟಿನಲ್ಲಿ, ಕೂಡುವಾಗ, ಆ ದಿನಗಳಲ್ಲಿ ಮಲ ಹೋಗುವಾಗ. ನಮ್ಮಲ್ಲಿ ಹುಡುಗಿಗೆ ಮುಟ್ಟಿನ ನೋವು ಎಂದರೆ "ಮದುವೆ ಆದರೆ ಸರಿಯಾಗುತ್ತದೆ" ಎನ್ನುತ್ತಾರೆ. ಮದುವೆಯಾದ ಮೇಲೆ "ಮಗು ಆದರೆ ಸರಿಯಾಗುತ್ತದೆ" ಎನ್ನುತ್ತಾರೆ. ಮಗು ಆಗದಿರುವುದಕ್ಕೆ ಆ ನೋವಿನ ಮೂಲವೇ ಕಾರಣವಾಗಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ಸ್ಕ್ಯಾನಿನಲ್ಲಿ ಕಾಣದಿದ್ದರೂ ಈ ರೋಗ ಇರಬಹುದು. ಆದ್ದರಿಂದ ನೋವಿನ ಮಾತನ್ನು ಡಾಕ್ಟರ ಹತ್ತಿರ ಬಿಡಿಸಿ ಹೇಳಿ.

"ಎಂಡೋಸಲ್ಫಾನಿನಿಂದ ಆದದ್ದಾ?"

ಎಣ್ಮಕಜೆ, ಬೆಳ್ಳೂರು ಕಡೆಯವರು ಈ ಪ್ರಶ್ನೆ ಕೇಳದೆ ಇರುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ತಡೆಯಿತು. ಎಣ್ಮಕಜೆಯ ಪಡ್ರೆ ಗ್ರಾಮದ ಹುಡುಗರ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದ್ದುದೂ ಹಾರ್ಮೋನಿನ ವ್ಯತ್ಯಾಸವೂ ಕಂಡಿತ್ತು. ಹಾಗಾಗಿ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಒಬ್ಬ ಹೆಣ್ಣಿನ ಬಂಜೆತನ ಆ ವಿಷದಿಂದಲೇ ಬಂದದ್ದು ಎಂದು ತೋರಿಸುವ ರಕ್ತ ಪರೀಕ್ಷೆಯೋ ಸ್ಕ್ಯಾನೋ ಇಲ್ಲ. ಆ ಊರಿನವರಿಗೂ ಪರೀಕ್ಷೆಯ ಕ್ರಮ ಇದೇ. ಮೊಟ್ಟೆಯದ್ದೋ ನಾಳದ್ದೋ ಗಂಡನದ್ದೋ ತೊಂದರೆ ಸಿಕ್ಕಿದರೆ ಚಿಕಿತ್ಸೆಯೂ ಅದೇ. 'ನಮಗೆ ಅದರಿಂದಲೇ ಆದದ್ದು, ಇನ್ನೇನು ಮಾಡುವುದು' ಎಂದು ಪರೀಕ್ಷೆಯನ್ನೇ ಬಿಟ್ಟರೆ, ಸರಿಪಡಿಸಬಹುದಾದ ಕಾರಣವೂ ತಪ್ಪಿಹೋಗುತ್ತದೆ.

ಎಲ್ಲರಿಗೂ ಬೇಡದ ಪರೀಕ್ಷೆಗಳು

ಪ್ಯಾಕೇಜಿನಲ್ಲಿ ಟಾರ್ಚ್ (ಮಗುವಿಗೆ ತೊಂದರೆ ಮಾಡಬಲ್ಲ ಕೆಲವು ಸೋಂಕುಗಳ ರಕ್ತ ಪರೀಕ್ಷೆ) ಎಂಬ ಹೆಸರು ಕಂಡರೆ ಯಾಕೆ ಎಂದು ಕೇಳಿ. ಅದರಲ್ಲಿ ಈ ಹಂತಕ್ಕೆ ಉಪಯೋಗದ್ದು ರುಬೆಲ್ಲಾ ಒಂದೇ. ರುಬೆಲ್ಲಾಗೆ ರಕ್ಷಣೆ ಇಲ್ಲದಿದ್ದರೆ ಲಸಿಕೆ ಹಾಕಿಸಿ ಒಂದು ತಿಂಗಳು ಬಸಿರಾಗದ ಹಾಗೆ ನೋಡಿಕೊಳ್ಳಬೇಕು. ಕೂಡಿದ ಮೇಲೆ ಮಾಡುವ ಲೋಳೆಯ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ವರ್ಣತಂತು ಪರೀಕ್ಷೆ ಇವನ್ನೆಲ್ಲ ಮಕ್ಕಳಾಗದ ಎಲ್ಲರಿಗೂ ಮಾಡಬೇಕಾಗಿಲ್ಲ ಎಂದು ಅಮೆರಿಕದ ಸಂತಾನ ವೈದ್ಯರ ಸಂಘ 2021ರಲ್ಲಿ ಹೇಳಿದೆ. ಪದೇಪದೇ ಗರ್ಭಪಾತ ಆದವರ ವಿಷಯ ಬೇರೆ. ಬಸಿರಿಗೆ ತಯಾರಾಗುವ ಪ್ರತಿಯೊಬ್ಬಳೂ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಈ ಅಗ್ಗದ ಮಾತ್ರೆ ಮಾತ್ರ ಎಷ್ಟೋ ದಪ್ಪ ಫೈಲುಗಳಲ್ಲಿ ಕಾಣುವುದೇ ಇಲ್ಲ!

ಎಲ್ಲ ಸರಿಯಿದೆ, ಆದರೂ ಆಗುತ್ತಿಲ್ಲ

ಮಕ್ಕಳಾಗದ ನೂರು ಜೋಡಿಗಳಲ್ಲಿ 15ರಿಂದ 30 ಜೋಡಿಗಳಿಗೆ ಈ ಉತ್ತರವೇ ಸಿಗುತ್ತದೆ. ಏನೂ ತೊಂದರೆ ಇಲ್ಲ ಎಂದಲ್ಲ, ಈಗಿರುವ ಪರೀಕ್ಷೆಗಳಿಗೆ ಕಾಣುವಂಥದ್ದು ಇಲ್ಲ ಎಂದು. ಪ್ರಾಯ ಚಿಕ್ಕದಿದ್ದರೆ ಇನ್ನಷ್ಟು ಸಮಯ ಪ್ರಯತ್ನಿಸಿ ಎನ್ನಬಹುದು. ಇಲ್ಲವಾದರೆ ಮೊಟ್ಟೆಯ ಔಷಧಿ ಕೊಟ್ಟು, ತೊಳೆದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವ ಐಯುಐ. ಆಮೇಲೆ ಐವಿಎಫ್. ಎರಡೂ ನಾಳ ಪೂರ್ತಿ ಮುಚ್ಚಿದವರಿಗೆ ಐಯುಐಯಿಂದ ಪ್ರಯೋಜನವಿಲ್ಲ, ಅವರಿಗೆ ನೇರ ಐವಿಎಫ್ ಬೇಕಾಗಬಹುದು. 2021ರ ಕಾನೂನಿನ ಪ್ರಕಾರ ಇಂಥ ಚಿಕಿತ್ಸೆ ಕೊಡುವ ಕ್ಲಿನಿಕ್ಕಿಗೆ ನೋಂದಣಿ ಕಡ್ಡಾಯ. ಹೆಣ್ಣಿಗೆ 21 ದಾಟಿರಬೇಕು, 50ಕ್ಕಿಂತ ಕೆಳಗಿರಬೇಕು. ಗಂಡಿಗೆ ಮೇಲಿನ ಮಿತಿ 55. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಕಾಸರಗೋಡಿನವರ ಚಿಕಿತ್ಸೆ ಹೇಗೂ ಒಂದೇ ಕಡೆ ನಿಲ್ಲುವುದಿಲ್ಲ. ಶುರು ಊರಿನ ಆರೋಗ್ಯ ಕೇಂದ್ರದಲ್ಲೋ ಜನರಲ್ ಆಸ್ಪತ್ರೆಯಲ್ಲೋ, ಮುಂದಿನದ್ದು ತಲಪಾಡಿ ದಾಟಿ ಮಂಗಳೂರಿನಲ್ಲಿ, ಇಲ್ಲವೇ ರೈಲು ಹತ್ತಿ ಕೋಝಿಕ್ಕೋಡಿನಲ್ಲಿ. ಪ್ರತಿ ಕಡೆಯೂ ಮೊದಲಿನಿಂದ ಶುರು ಮಾಡುತ್ತಾರೆ. ಎಚ್‌ಎಸ್‌ಜಿಯ ರಿಪೋರ್ಟು ಮಾತ್ರ ಸಾಲದು, ಫಿಲ್ಮನ್ನೋ ಸಿಡಿಯನ್ನೋ ಕೇಳಿ ಇಟ್ಟುಕೊಳ್ಳಿ. ಲ್ಯಾಪರೊಸ್ಕೋಪಿ ಆಗಿದ್ದರೆ ಅದರ ಡಿಸ್ಚಾರ್ಜ್ ಸಮ್ಮರಿ ಮತ್ತು ಫೋಟೋ. ಗಂಡನ ರಿಪೋರ್ಟು ಅದೇ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ. ಆಗ ಹೊಸ ಡಾಕ್ಟರು ಆ ನೋವಿನ ಎಕ್ಸ್‌ರೇಯನ್ನು ಎರಡನೇ ಸಲ ಮಾಡಿಸಲು ಬರೆಯುವ ಮೊದಲು ಹಳೆಯದನ್ನು ಬೆಳಕಿಗೆ ಹಿಡಿದು ನೋಡಬಹುದು.